‘ಒಂದೆರಡು ಕಡೆ’ ಎಂದರೆ ಎಷ್ಟು ಕಡೆ?

‘ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಿಡಿಲಿನಿಂದ ಕೂಡಿದ ಮಳೆಯಾಗುವ ಸಂಭವವಿದೆ. ಗಂಟೆಗೆ 40ರಿಂದ 50 ಕಿ.ಮೀ. ವೇಗದ ಬಿರುಗಾಳಿ ಬೀಸಬಹುದು. ಆಲಿಕಲ್ಲು ಬೀಳುವ ಸಾಧ್ಯತೆಯೂ ಇದೆ.’ ಮಾರ್ಚ್ ಕಳೆಯಿತೆಂದರೆ ರೇಡಿಯೊದಲ್ಲಿ, ಪತ್ರಿಕೆಯಲ್ಲಿ, ಈಗೀಗ ಅಂಗೈಯ ಮೊಬೈಲಿನಲ್ಲಿ ಇಂಥ ವಾಕ್ಯಗಳು ಮತ್ತೆ ಮತ್ತೆ ಬರತೊಡಗುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಅದಕ್ಕೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ನೆನ್ನೆನೂ ಹಿಂಗೇ ಅಂದಿದ್ರು, ಒಂದು ಹನಿನೂ ಬೀಳ್ನಿಲ್ಲ.’

ಹಾಗೆನ್ನುವವರ ಮಾತು ಸುಳ್ಳಲ್ಲ. ಹವಾಮಾನ ಇಲಾಖೆಯ ಮಾತೂ ಸುಳ್ಳಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡಿರುವುದು ‘ಒಂದೆರಡು ಕಡೆ’ ಎಂಬ ಪುಟ್ಟ ಮಾತು. ಕೇಳುವವರಿಗೆ ಅದು ನುಣುಚಿಕೊಳ್ಳುವ ಮಾತಿನಂತೆ ಕಾಣುತ್ತದೆ. ಆದರೆ ಇಲಾಖೆಯ ಭಾಷೆಯಲ್ಲಿ ಅದಕ್ಕೊಂದು ಅಳತೆಯುಂಟು. ಒಂದು ಪ್ರದೇಶದ ಮಳೆಮಾಪಕ ಕೇಂದ್ರಗಳ ಪೈಕಿ ನೂರಕ್ಕೆ 25ರವರೆಗೆ ಮಾತ್ರ ಮಳೆ ಕಾಣುವಂತಿದ್ದರೆ ‘ಒಂದೆರಡು ಕಡೆ’. 26ರಿಂದ 50 ಆದರೆ ‘ಕೆಲವು ಕಡೆ’. 51ರಿಂದ 75 ಆದರೆ ‘ಹಲವು ಕಡೆ’. ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ಅಂದರೆ ‘ಒಂದೆರಡು ಕಡೆ’ ಎಂದ ದಿನ ನಾಲ್ಕು ಊರುಗಳಲ್ಲಿ ಮೂರು ಒಣಗಿಯೇ ಉಳಿದರೂ ಮುನ್ಸೂಚನೆ ಸರಿಯೇ. ಆ ಮೂರು ಊರಿನವರು ಮಾರನೆಯ ದಿನ ಇಲಾಖೆಯನ್ನು ಆಡಿಕೊಳ್ಳುತ್ತಾರೆ. ನಾಲ್ಕನೆಯ ಊರಿನವರು ಬಿದ್ದ ಬಾಳೆಯನ್ನು ಎಣಿಸುತ್ತಿರುತ್ತಾರೆ.

ಈ ಎಣಿಕೆ ಸಣ್ಣದೇನಲ್ಲ. ಗೊನೆ ಹೊತ್ತ ಬಾಳೆ ಒಂದು ಬಿರುಗಾಳಿಗೆ ಸೊಂಟ ಮುರಿದುಕೊಂಡು ಮಲಗುತ್ತದೆ. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು ಹೊಟ್ಟೆಬಾಕನಂತೆ ಸೊಪ್ಪು ತಿನ್ನುವ ಹೊತ್ತಿನಲ್ಲಿ ಆಲಿಕಲ್ಲು ಬಿದ್ದು ಹಿಪ್ಪುನೇರಳೆ ತೋಟ ಚಿಂದಿಯಾದರೆ ಆ ಬೆಳೆಯ ಗೂಡನ್ನೇ ಮರೆಯಬೇಕಾಗುತ್ತದೆ. ನಾಲೆ ಬಯಲಿನಲ್ಲಿ ಬೇಸಿಗೆ ಭತ್ತ ಕಣಕ್ಕೆ ಬರುವ ಕಾಲವೂ ಇದೇ. ಎಲ್ಲಕ್ಕಿಂತ ಹೆಚ್ಚಾಗಿ, ರಜೆಯಲ್ಲಿ ಬಯಲಿನಲ್ಲಿ ಕ್ರಿಕೆಟ್ ಆಡುವ ಮಕ್ಕಳು, ದನ ಹೊಡೆದುಕೊಂಡು ಹೋದವರು, ಪರೀಕ್ಷೆ ಮುಗಿಸಿ ಬಸ್ಸಿಗೆ ಕಾಯುವ ವಿದ್ಯಾರ್ಥಿಗಳು ಹೊರಗಿರುವ ಹೊತ್ತೇ ಸಿಡಿಲಿನ ಹೊತ್ತು. ದೇಶದಲ್ಲಿ ಪ್ರತಿವರ್ಷ ಸಿಡಿಲಿಗೆ ಸಿಕ್ಕಿ ಸಾಯುವವರ ಸಂಖ್ಯೆ 2,000ಕ್ಕೂ ಮೇಲೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಲೆಕ್ಕಗಳು ಹೇಳುತ್ತವೆ. ಇವರಲ್ಲಿ ಹೆಚ್ಚಿನವರು ಬಯಲಿನಲ್ಲಿ ದುಡಿಯುವವರು.

ಆದ್ದರಿಂದ ಮಧ್ಯಾಹ್ನದ ಗುಡುಗು ಮಳೆಯನ್ನು ಎಷ್ಟರಮಟ್ಟಿಗೆ ಮೊದಲೇ ಹೇಳಬಹುದು, ಎಷ್ಟರಮಟ್ಟಿಗೆ ಹೇಳಲಾಗದು ಎಂಬುದನ್ನು ಮನೆಮಂದಿಯೆಲ್ಲ ತಿಳಿದಿರುವುದು ಒಳ್ಳೆಯದು.

ಮೂರು ಊರುಗಳ ತ್ರಿಕೋನ

ಭೂಪಟದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳನ್ನು ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ನೇರ ದೂರದಲ್ಲಿ ಅದರ ಒಂದೊಂದು ಬದಿಯೂ ಸುಮಾರು 20 ಕಿ.ಮೀ. ಇನ್ನು ಗುಡುಗು ಮೋಡದ ಅಳತೆ ನೋಡಿ. ಒಂಟಿ ಗುಡುಗು ಮೋಡದ ಮಳೆ ಸುರಿಸುವ ಭಾಗ ಸಾಮಾನ್ಯವಾಗಿ 5ರಿಂದ 10 ಕಿ.ಮೀ. ಅಗಲ, ಅದರ ಆಯಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಇಂಥ ಮೋಡವೊಂದು ತ್ರಿಕೋನದ ನಡುವೆಯೇ ಹುಟ್ಟಿ, ಸುರಿದು, ಸತ್ತುಹೋದರೂ ಮೂರು ಊರಿನ ಪೇಟೆಬೀದಿಯಲ್ಲೂ ಕೊಡೆ ಬಿಚ್ಚುವ ಪ್ರಮೇಯ ಬರುವುದಿಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಜನ ನೆನೆಯುತ್ತಿರುವಾಗ ಮಂಡ್ಯದಲ್ಲಿ ಬಿಸಿಲು ಹೊಡೆಯುತ್ತಿದ್ದರೆ ಅದರಲ್ಲಿ ಸೋಜಿಗವೇನೂ ಇಲ್ಲ.

ಮಂಡ್ಯ ಸೀಮೆ ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿದೆ. ಜೂನ್, ಜುಲೈಗಳಲ್ಲಿ ಕೊಡಗಿನಲ್ಲಿ ಜಡಿಮಳೆ ಹಿಡಿದಾಗ ಇಲ್ಲಿಗೆ ತಲುಪುವುದು ಗಾಳಿ ಮತ್ತು ತುಂತುರು ಮಾತ್ರ. ಕನ್ನಂಬಾಡಿ ಕಟ್ಟೆ ತುಂಬುವುದು ಕೊಡಗು, ಹಾಸನಗಳ ಮಳೆಯಿಂದ. ಮಂಡ್ಯದ ಸ್ವಂತ ಮಳೆಯ ದೊಡ್ಡ ಪಾಲು ಬೀಳುವುದು ಒಮ್ಮೆ ಮೇ ತಿಂಗಳಲ್ಲಿ, ಮತ್ತೊಮ್ಮೆ ಸೆಪ್ಟೆಂಬರ್-ಅಕ್ಟೋಬರ್‌ಗಳಲ್ಲಿ. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಕಾಣುವ ಈ ಜಿಲ್ಲೆಯಲ್ಲಿ ಎರಡು ಸುಗ್ಗಿಯನ್ನೂ ತರುವುದು ಬಹುಮಟ್ಟಿಗೆ ಗುಡುಗು ಮೋಡವೇ. ವಿಶ್ವೇಶ್ವರಯ್ಯ ನಾಲೆಯ ನೀರು ತಲುಪದ ಮಳವಳ್ಳಿಯ ಬೆದ್ದಲು ಭೂಮಿಗೆ ಮೇ ತಿಂಗಳ ಮಳೆಯೇ ಉಳುಮೆಗೆ ಅಪ್ಪಣೆ. ಹೀಗಾಗಿ ಗುಡುಗು ಮಳೆಯನ್ನು ಬರೀ ಶತ್ರುವೆಂದು ಕಾಣುವಂತಿಲ್ಲ. ಹೊಲ ನೆನೆಸುವ ಮಳೆಯೂ ತೋಟ ಮುರಿಯುವ ಮಳೆಯೂ ಒಂದೇ ತಾಯಿಯ ಮಕ್ಕಳು.

ಹಳಬರು ಇದನ್ನು ನಕ್ಷತ್ರದ ಲೆಕ್ಕದಲ್ಲಿ ಹಿಡಿದಿಟ್ಟಿದ್ದರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ 13-14 ದಿನಗಳಿಗೆ ಒಂದೊಂದು ಮಳೆಯ ಹೆಸರು. ಏಪ್ರಿಲ್ ಮಧ್ಯದಿಂದ ಅಶ್ವಿನಿ, ತಿಂಗಳ ಕೊನೆಯಿಂದ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕೆ. ಭರಣಿ ಹೊಯ್ದರೆ ಧರಣಿಯೆಲ್ಲ ಬೆಳೆ ಎಂಬ ನಂಬಿಕೆ ಹುಟ್ಟಿದ್ದು ಇಂಥ ಅನುಭವದಿಂದಲೇ. ಆದರೆ ನಕ್ಷತ್ರ ಹೇಳುವುದು ಋತುವನ್ನು. ಇಂದು ಮಧ್ಯಾಹ್ನ ಯಾವ ಊರಿಗೆ ಎಂಬುದನ್ನಲ್ಲ.

ಮಧ್ಯಾಹ್ನವೇ ಏಕೆ?

ಶಾಲೆಯ ಭೂಗೋಳ ಪಾಠದಲ್ಲಿ ಪರಿಸರಣ ಮಳೆ ಎಂಬ ಮಾತು ಬರುತ್ತದೆ. ನೆಲ ಕಾದು, ಅದಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇರಿ, ತಣ್ಣಗಾಗಿ ಮೋಡ ಕಟ್ಟಿ ಸುರಿಯುವುದೇ ಪರಿಸರಣ ಮಳೆ. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಏಪ್ರಿಲ್ ತಿಂಗಳಲ್ಲಿ ನೆಲ ದಿನವೂ ಕಾಯುತ್ತದೆ. ಮಳೆ ಮಾತ್ರ ದಿನವೂ ಬರುವುದಿಲ್ಲ. ಮುನ್ಸೂಚನೆಯ ಕಷ್ಟ ಶುರುವಾಗುವುದು ಇಲ್ಲಿಂದ.

ಗುಡುಗು ಮೋಡಕ್ಕೆ ಮೂರು ಬೇಕು: ತೇವ, ಮೇಲೇರುವುದಕ್ಕೆ ಅನುವಾದ ಗಾಳಿಯ ಪದರಗಳು, ಮೊದಲು ಮೇಲಕ್ಕೆ ನೂಕುವ ಒಂದು ಕೈ.

ತೇವ ಬರುವುದು ಎರಡು ಕಡಲುಗಳಿಂದ. ಬೇಸಿಗೆಯಲ್ಲಿ ಮಹಾರಾಷ್ಟ್ರದ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾದು ತಮಿಳುನಾಡಿನ ದಕ್ಷಿಣ ತುದಿಯವರೆಗೆ ಕಡಿಮೆ ಒತ್ತಡದ ಒಂದು ಉದ್ದನೆಯ ತಗ್ಗು ಆಗಾಗ ಏರ್ಪಡುತ್ತದೆ. ಅದರ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರದ ಕಡೆಯ ಗಾಳಿ, ಇನ್ನೊಂದು ಮಗ್ಗುಲಿಗೆ ಬಂಗಾಳ ಕೊಲ್ಲಿಯ ಕಡೆಯ ಗಾಳಿ. ಎರಡೂ ಎದುರುಬದುರಾಗಿ ಸೇರುವ ಕಡೆ ಗಾಳಿಗೆ ಹೋಗಲು ಬೇರೆ ದಾರಿಯಿಲ್ಲದೆ ಮೇಲೇರುತ್ತದೆ. ಈ ಗೆರೆ ಮಂಡ್ಯದ ಮೇಲಿದ್ದರೆ ಮಂಡ್ಯಕ್ಕೆ, ನೂರು ಕಿ.ಮೀ. ಸರಿದರೆ ಬೇರೊಂದು ಜಿಲ್ಲೆಗೆ ಮಳೆಯ ಯೋಗ. ಗಾಳಿಯಲ್ಲಿ ತೇವ ಏರಿದ್ದನ್ನು ಹವಾಮಾನ ಇಲಾಖೆಗಿಂತ ಮೊದಲೇ ಅಡುಗೆಮನೆ ಹೇಳುವುದುಂಟು: ಉಪ್ಪಿನ ಡಬ್ಬಿ ನೀರೊಡೆಯುತ್ತದೆ, ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ಸಂಡಿಗೆ ಎಷ್ಟು ಹೊತ್ತಾದರೂ ಗರಿಗರಿಯಾಗದು.

ವಿಜ್ಞಾನಿಗಳು ಇದನ್ನೇ ಇಬ್ಬನಿ ಬಿಂದು ಎಂಬ ಅಳತೆಯಿಂದ ಹೇಳುತ್ತಾರೆ. ಗಾಳಿಯನ್ನು ಯಾವ ಉಷ್ಣತೆಗೆ ತಂಪು ಮಾಡಿದರೆ ಅದರೊಳಗಿನ ತೇವ ಹನಿಗಟ್ಟುತ್ತದೋ ಅದೇ ಇಬ್ಬನಿ ಬಿಂದು. ಗಾಳಿಯ ಉಷ್ಣತೆಗೂ ಇಬ್ಬನಿ ಬಿಂದುವಿಗೂ ಇರುವ ಅಂತರದ ಒಂದೊಂದು ಡಿಗ್ರಿಗೆ ಸುಮಾರು 125 ಮೀಟರಿನಂತೆ ಲೆಕ್ಕ ಹಾಕಿದರೆ ರಾಶಿ ಮೋಡದ ತಳ ನೆಲದಿಂದ ಎಷ್ಟು ಎತ್ತರದಲ್ಲಿ ಕಟ್ಟುತ್ತದೆ ಎಂಬ ಅಂದಾಜು ಸಿಗುತ್ತದೆ. ಉಷ್ಣತೆ 36 ಡಿಗ್ರಿ, ಇಬ್ಬನಿ ಬಿಂದು 20 ಡಿಗ್ರಿ ಇದ್ದರೆ ಅಂತರ 16. ಮೋಡದ ತಳ ಸುಮಾರು 2,000 ಮೀಟರ್ ಎತ್ತರದಲ್ಲಿ.

ಎರಡನೆಯದು ಪದರಗಳ ಸಂಗತಿ. ಮೇಲೇರುವ ಒಣ ಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ. ಮೋಡ ಕಟ್ಟತೊಡಗಿದ ಮೇಲೆ ಆವಿ ನೀರಾಗುವಾಗ ಬಿಟ್ಟುಕೊಡುವ ಶಾಖದಿಂದಾಗಿ ಆ ತಣಿವು ನಿಧಾನವಾಗುತ್ತದೆ. ಸುತ್ತಲಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೋಡದೊಳಗಿನ ಗಾಳಿ ತಾನಾಗಿ ಮೇಲೇರುತ್ತಲೇ ಹೋಗುತ್ತದೆ, ನೀರಿನಲ್ಲಿ ಅದುಮಿ ಬಿಟ್ಟ ಬೆಂಡಿನಂತೆ. ರಾಶಿ ಮೋಡ ಹತ್ತಾರು ನಿಮಿಷದಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ರಾಶಿವೃಷ್ಟಿ ಮೋಡವಾಗುವುದು ಹೀಗೆ.

ಕೆಲವು ದಿನ ನೆಲದಿಂದ ಒಂದೆರಡು ಕಿಲೋಮೀಟರ್ ಮೇಲೆ ಬೆಚ್ಚನೆಯ ಒಣ ಗಾಳಿಯ ಪದರವೊಂದು ಮುಚ್ಚಳದಂತೆ ಕೂತಿರುತ್ತದೆ. ಬೆಳಗಿನ ಹೊತ್ತು ಏಳುವ ಸಣ್ಣ ಮೋಡಗಳು ಅದಕ್ಕೆ ತಾಗಿ ಕರಗುತ್ತವೆ. ಆಕಾಶ ನಿರ್ಮಲವಾಗಿ ಕಾಣುತ್ತದೆ. ಆದರೆ ಒಳಗೆ ಶಾಖವೂ ತೇವವೂ ಸೇರುತ್ತಲೇ ಇರುತ್ತವೆ, ತಟ್ಟೆ ಮುಚ್ಚಿ ಒಲೆಯ ಮೇಲಿಟ್ಟ ಹಾಲಿನ ಹಾಗೆ. ಮೂರು ಗಂಟೆಯ ಹೊತ್ತಿಗೆ ಮುಚ್ಚಳ ಎಲ್ಲಾದರೂ ಒಂದು ಕಡೆ ಸಡಿಲಿದರೆ ಅಷ್ಟೂ ಹೊತ್ತು ಕೂಡಿಟ್ಟದ್ದು ಒಮ್ಮೆಗೇ ಉಕ್ಕುತ್ತದೆ. ಬೆಳಿಗ್ಗೆಯಿಂದಲೇ ಮೋಡ ಮುಸುಕಿ ಹನಿಯುತ್ತಿದ್ದ ದಿನಕ್ಕಿಂತ, ಎರಡು ಗಂಟೆಯವರೆಗೆ ಎಲೆ ಅಲುಗದೆ ಬೆವರಿಳಿಸಿದ ದಿನವೇ ಕೆಟ್ಟ ಬಿರುಮಳೆ ತರುವುದು ಇದರಿಂದ. ‘ಮಧ್ಯಾಹ್ನದವರೆಗೆ ಏನೂ ಇಲ್ಲ, ಇನ್ನೇನು ಬರುತ್ತೆ’ ಎಂಬ ಲೆಕ್ಕ ಇಂಥ ದಿನ ಕೈಕೊಡುತ್ತದೆ.

ಮುಚ್ಚಳ ಸಡಿಲಿಸುವ ಕೈ ಯಾವುದು? ಗುಡ್ಡದ ಇಳಿಜಾರಿನಲ್ಲಿ ಏರುವ ಗಾಳಿ ಇರಬಹುದು. ಎರಡು ಗಾಳಿ ಸೇರುವ ಗೆರೆ ಇರಬಹುದು. ಎಷ್ಟೋ ಸಲ ಪಕ್ಕದ ತಾಲ್ಲೂಕಿನಲ್ಲಿ ಆಗಲೇ ಸುರಿದ ಮಳೆಯ ತಣ್ಣನೆಯ ಗಾಳಿಯೇ ಆ ಕೈಯಾಗುತ್ತದೆ. ಸುರಿಯುವ ಮಳೆಯೊಡನೆ ಕೆಳಗಿಳಿದ ತಂಪು ಗಾಳಿ ನೆಲ ತಾಗಿ, ದೂಳೆಬ್ಬಿಸುತ್ತ ಹತ್ತಾರು ಕಿಲೋಮೀಟರ್ ನುಗ್ಗುತ್ತದೆ. ದಾರಿಯಲ್ಲಿ ಸಿಕ್ಕ ಬಿಸಿ ಗಾಳಿಯನ್ನು ಎತ್ತಿ ಹೊಸ ಮೋಡ ಹುಟ್ಟಿಸುತ್ತದೆ. ಹೀಗೆ ಒಂದು ಮಳೆ ಇನ್ನೊಂದನ್ನು ಹೆರುತ್ತದೆ. ಮೊದಲ ಮೋಡ ಎಲ್ಲಿ ಹುಟ್ಟುತ್ತದೆಂಬುದೇ ಬೆಳಿಗ್ಗೆ ತಿಳಿಯದಿರುವಾಗ ಅದರ ಮಗುವಿನ ಊರು ಯಾವುದೆಂದು ಹೇಳುವುದು ಹೇಗೆ?

ಆಲಿಕಲ್ಲಿನ ಲೆಕ್ಕ

ಹಳೇ ಮೈಸೂರಿನ ಆಡುಮಾತಿನಲ್ಲಿ ಆನೆಕಲ್ಲು ಎನಿಸಿಕೊಂಡ ಆಲಿಕಲ್ಲು ಗುಡುಗು ಮೋಡದ ಹೊಟ್ಟೆಯಲ್ಲಿ ಬೆಳೆಯುತ್ತದೆ. ಬೇಸಿಗೆಯಲ್ಲಿ ನಮ್ಮ ಸೀಮೆಯ ಮೇಲೆ ಗಾಳಿಯ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯುವುದು ಸಮುದ್ರ ಮಟ್ಟದಿಂದ ಸುಮಾರು 5 ಕಿ.ಮೀ. ಎತ್ತರದಲ್ಲಿ. ಅದರ ಮೇಲೆ ನೀರೆಲ್ಲ ಮಂಜುಗಡ್ಡೆಯಾಗಿರಬೇಕೆಂದು ಅನ್ನಿಸಬಹುದು. ಹಾಗಿಲ್ಲ. ಮೋಡದ ಸಣ್ಣ ಹನಿಗಳು ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೂ ನೀರಾಗಿಯೇ ಉಳಿಯಬಲ್ಲವು. ಮಂಜಿನ ಹರಳೊಂದು ತಾಗಿದ ಕೂಡಲೇ ಅದಕ್ಕೆ ಅಂಟಿ ಗಡ್ಡೆ ಕಟ್ಟುತ್ತವೆ. ಕಲ್ಲನ್ನು ಕತ್ತರಿಸಿ ನೋಡಿದರೆ ಈರುಳ್ಳಿಯಂತೆ ಪದರ ಕಾಣುತ್ತದೆ: ಹನಿ ಬೇಗ ಹೆಪ್ಪುಗಟ್ಟಿದ ಕಡೆ ಬಿಳಿ, ನಿಧಾನವಾಗಿ ಹರಡಿ ಹೆಪ್ಪುಗಟ್ಟಿದ ಕಡೆ ಗಾಜಿನಂತೆ ತಿಳಿ. ಕಲ್ಲು ಚೆಂಡಿನಂತೆ ಹಲವು ಸಲ ಮೇಲೆ ಕೆಳಗೆ ಓಡಾಡಿ ಪದರ ಕಟ್ಟಿಕೊಳ್ಳುತ್ತದೆ ಎಂದು ಹಿಂದಿನ ಪುಸ್ತಕಗಳಲ್ಲಿ ಇತ್ತು. ಮೇಲೇರುವ ಗಾಳಿಯನ್ನು ಒಂದೇ ಸಲ ಅಡ್ಡ ಹಾಯುವಾಗಲೂ ಬೇರೆ ಬೇರೆ ತೇವದ ಭಾಗಗಳು ಸಿಕ್ಕಿ ಪದರ ಮೂಡಬಲ್ಲದು ಎಂಬುದು ಈಗಿನ ತಿಳಿವಳಿಕೆ.

ಕಲ್ಲು ದೊಡ್ಡದಾಗಬೇಕಾದರೆ ಅದನ್ನು ಬೀಳದಂತೆ ಹಿಡಿದಿಡುವ ಗಾಳಿ ಬೇಕು. ದೊಡ್ಡ ನಿಂಬೆಹಣ್ಣಿನ ಗಾತ್ರದ ಕಲ್ಲಿಗೆ ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ಮೇಲಕ್ಕೇರುವ ಗಾಳಿ ಬೇಕಾಗುತ್ತದೆ. ಅಷ್ಟಾದರೂ ಕಲ್ಲಿನ ಕಷ್ಟ ಮುಗಿಯಲಿಲ್ಲ. ಮಂಡ್ಯದ ನೆಲ ಸಮುದ್ರ ಮಟ್ಟದಿಂದ ಏಳುನೂರು ಮೀಟರಿಗೆ ಸ್ವಲ್ಪ ಕಡಿಮೆ. ಸೊನ್ನೆಯ ಎತ್ತರದಿಂದ ನೆಲ ಮುಟ್ಟುವುದರೊಳಗೆ ಕಲ್ಲು 4 ಕಿ.ಮೀ.ಗೂ ಹೆಚ್ಚು ಬೆಚ್ಚನೆಯ ಗಾಳಿಯಲ್ಲಿ ಬೀಳಬೇಕು. ಸಣ್ಣ ಕಲ್ಲು ದಾರಿಯಲ್ಲೇ ಕರಗಿ, ಬಿದ್ದಾಗ ಮೈ ಜುಮ್ಮೆನ್ನಿಸುವ ದಪ್ಪ ತಣ್ಣನೆಯ ಹನಿಯಾಗಿರುತ್ತದೆ. ಹಾಗಾಗಿ ಮೋಡದಲ್ಲಿ ಆಲಿಕಲ್ಲು ಇರುವುದು ಬೇರೆ, ನೆಲಕ್ಕೆ ಬೀಳುವುದು ಬೇರೆ. ಮಾರ್ಚ್‌ನಿಂದ ಮೇವರೆಗೆ ನಡುವಿನ ಪದರದ ಗಾಳಿ ಒಣಗಿರುತ್ತದೆ. ಅದರಲ್ಲಿ ಬೀಳುವ ಕಲ್ಲಿನ ಮೇಲಿನ ನೀರು ಆವಿಯಾಗಿ ಕಲ್ಲನ್ನು ತಣ್ಣಗಿಡುತ್ತದೆ, ಮಣ್ಣಿನ ಹೂಜಿ ನೀರನ್ನು ತಣ್ಣಗಿಡುವಂತೆ. ಮುಂಗಾರು ಹಿಡಿದ ಮೇಲೆ ಗಾಳಿಯೆಲ್ಲ ತೇವವಾಗಿ, ಮೇಲೇರುವ ಗಾಳಿಯ ಬಿರುಸೂ ತಗ್ಗುವುದರಿಂದ ಆಲಿಕಲ್ಲಿನ ಸುದ್ದಿಯೇ ನಿಲ್ಲುತ್ತದೆ.

ಆಲಿಕಲ್ಲು ಮಕ್ಕಳಿಗೆ ಆಟ. ಆಯ್ದು ಬಾಯಿಗೆ ಹಾಕಿಕೊಳ್ಳದವರಿಲ್ಲ. ಆದರೆ 1888ರ ಏಪ್ರಿಲ್ 30ರಂದು ಉತ್ತರ ಪ್ರದೇಶದ ಮೊರಾದಾಬಾದ್ ಬಳಿ ಬಿದ್ದ ಆಲಿಕಲ್ಲು 246 ಜನರನ್ನು ಕೊಂದಿತು. ವಿಶ್ವ ಹವಾಮಾನ ಸಂಸ್ಥೆಯ ದಾಖಲೆಯಲ್ಲಿ ಆಲಿಕಲ್ಲಿನಿಂದಾದ ಅತಿ ದೊಡ್ಡ ಸಾವು ಅದೇ. ಬಾಂಗ್ಲಾದೇಶದ ಗೋಪಾಲಗಂಜ್‌ನಲ್ಲಿ 1986ರ ಏಪ್ರಿಲ್ 14ರಂದು ಬಿದ್ದ ಕಲ್ಲೊಂದು 1.02 ಕಿಲೋ ತೂಗಿತ್ತು. ತೀರ ಹತ್ತಿರದ ನೆನಪು ಬೇಕಾದರೆ 2023ರ ಮೇ 21ರ ಭಾನುವಾರ ಮಧ್ಯಾಹ್ನದ ಬೆಂಗಳೂರು. ಆಲಿಕಲ್ಲಿನೊಡನೆ ಸುರಿದ ಮಳೆಗೆ ಕೆ.ಆರ್. ವೃತ್ತದ ಕೆಳಸೇತುವೆ ತುಂಬಿ, ಕಾರಿನಲ್ಲಿ ಸಿಕ್ಕಿಕೊಂಡ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಆಪತ್ತು ಕಟ್ಟಿಕೊಳ್ಳಲು ಇಡೀ ದಿನ ಬೇಕಾಗಲಿಲ್ಲ.

ಮುನ್ಸೂಚನೆ ಹುಟ್ಟುವ ಬಗೆ

ಈ ಸೀಮೆಯಲ್ಲಿ ಆಕಾಶವನ್ನು ಅಳೆಯುವ ಕೆಲಸ ಹೊಸದಲ್ಲ. ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮೈಸೂರು ಸಂಸ್ಥಾನ 1890ರ ದಶಕದಲ್ಲೇ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ತನ್ನದೇ ವೀಕ್ಷಣಾಲಯಗಳನ್ನು ತೆರೆಯಿತು. ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜಾನ್ ಕುಕ್ ಅವುಗಳ ಮೇಲ್ವಿಚಾರಣೆ ನೋಡಿದರು. ಆಗ ಇದ್ದದ್ದು ನೆಲದ ಮೇಲಿನ ಅಳತೆ. ಗುಡುಗು ಮಳೆಯ ಗುಟ್ಟು ಇರುವುದು ಮೇಲೆ.

ಮೇಲಿನ ಸುದ್ದಿ ತರುವುದು ಬಲೂನು. ಬೆಂಗಳೂರಿನ ಕೇಂದ್ರದಿಂದ ಹಾರುವ ಬಲೂನಿಗೆ ಕಟ್ಟಿದ ಪುಟ್ಟ ಯಂತ್ರ ನಿಮಿಷಕ್ಕೆ ಸುಮಾರು 300 ಮೀಟರಿನಂತೆ ಏರುತ್ತ ಉಷ್ಣತೆ, ತೇವ, ಒತ್ತಡಗಳನ್ನು ರೇಡಿಯೊ ಮೂಲಕ ಕೆಳಗೆ ಕಳಿಸುತ್ತದೆ. ಪ್ರಪಂಚದ ಇಂಥ ಕೇಂದ್ರಗಳೆಲ್ಲ ಒಂದೇ ಹೊತ್ತಿನ ಲೆಕ್ಕ ಇಟ್ಟುಕೊಂಡಿವೆ. ಭಾರತದಲ್ಲಿ ಅದು ಬೆಳಿಗ್ಗೆ 5.30. ಮುಚ್ಚಳ ಇದೆಯೇ, ಎಷ್ಟು ಗಟ್ಟಿ, ಮುಚ್ಚಳ ತೆಗೆದರೆ ಎಷ್ಟು ಉಕ್ಕೀತು ಎಂಬುದನ್ನು ಇದರಿಂದ ಅಂದಾಜು ಮಾಡುತ್ತಾರೆ. ಆದರೆ ಅದು ಮುಂಜಾನೆಯ ಗಾಳಿ. ಮಧ್ಯಾಹ್ನದ ಹೊತ್ತಿಗೆ ಬದಲಾಗಿರುತ್ತದೆ. ಆ ಬದಲಾವಣೆಯನ್ನು ಲೆಕ್ಕ ಹಾಕುವುದು ಕಂಪ್ಯೂಟರ್. ಅದು ಆಕಾಶವನ್ನು ಚೌಕಗಳಾಗಿ ಹೆಚ್ಚಿ ಒಂದೊಂದಕ್ಕೂ ಲೆಕ್ಕ ಮಾಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿ 2025ರ ಮೇ 26ರಂದು ಬಳಕೆಗೆ ಬಂದ ‘ಭಾರತ್ ಮುನ್ಸೂಚನಾ ವ್ಯವಸ್ಥೆ’ಯ ಚೌಕದ ಅಗಲ 6 ಕಿ.ಮೀ.; ಅದಕ್ಕೆ ಮೊದಲಿನದು 12 ಕಿ.ಮೀ. ಒಂದು ಗುಡುಗು ಮೋಡವೇ 5ರಿಂದ 10 ಕಿ.ಮೀ. ಎಂಬುದನ್ನು ನೆನೆದರೆ ಕಷ್ಟ ಗೊತ್ತಾಗುತ್ತದೆ. ಅಂಗೈಯಗಲದ ತೂತಿರುವ ಬಲೆಯಲ್ಲಿ ಸಣ್ಣ ಮೀನು ನಿಲ್ಲುವುದಿಲ್ಲ.

ಮೋಡ ಹುಟ್ಟಿದ ಮೇಲೆ ಆಟ ಬೇರೆ. ಇನ್ಸಾಟ್ ಸರಣಿಯ ಉಪಗ್ರಹಗಳು ಮೋಡದ ತಲೆಯ ಉಷ್ಣತೆಯನ್ನು ಮೇಲಿನಿಂದ ನೋಡುತ್ತವೆ. ತಲೆ ಬೇಗ ಬೇಗ ತಣ್ಣಗಾದರೆ ಮೋಡ ಬೇಗ ಬೇಗ ಏರುತ್ತಿದೆ ಎಂದರ್ಥ. ಡಾಪ್ಲರ್ ರೇಡಾರು ಮೋಡದೊಳಗಿನ ಹನಿ, ಕಲ್ಲುಗಳಿಗೆ ಅಲೆ ಬಡಿದು ಮರಳಿದ್ದನ್ನು ಅಳೆಯುತ್ತದೆ. ಸೊನ್ನೆ ಡಿಗ್ರಿಯ ಎತ್ತರಕ್ಕಿಂತ ಬಹಳ ಮೇಲೆ ಗಟ್ಟಿ ಪ್ರತಿಧ್ವನಿ ಬಂದರೆ ಆಲಿಕಲ್ಲಿನ ಸಂಶಯ. ಹೊಸ ಬಗೆಯ ರೇಡಾರು ಅಡ್ಡಕ್ಕೂ ಉದ್ದಕ್ಕೂ ಎರಡು ಬಗೆಯ ಅಲೆ ಬಿಡುತ್ತದೆ. ದಪ್ಪ ಮಳೆಹನಿ ಬೀಳುವಾಗ ಬನ್ನಿನಂತೆ ಚಪ್ಪಟೆಯಾಗಿರುತ್ತದೆ. ಕಲ್ಲು ಉರುಳುತ್ತ ಬೀಳುವುದರಿಂದ ಗುಂಡಾಗಿಯೇ ಕಾಣುತ್ತದೆ. ಈ ವ್ಯತ್ಯಾಸದಿಂದ ಎರಡನ್ನೂ ಬೇರ್ಪಡಿಸಬಹುದು.

ರೇಡಾರಿಗೂ ಒಂದು ತೊಡಕುಂಟು: ಭೂಮಿ ಗುಂಡಗಿದೆ. ಅರ್ಧ ಡಿಗ್ರಿ ಮೇಲ್ಮುಖವಾಗಿ ಬಿಟ್ಟ ಅಲೆ 100 ಕಿ.ಮೀ. ದೂರದಲ್ಲಿ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಹೋಗುತ್ತದೆ, 300 ಕಿ.ಮೀ. ದೂರದಲ್ಲಿ ಸುಮಾರು 8 ಕಿ.ಮೀ. ಎತ್ತರದಲ್ಲಿ. ದೇಶದ ಮೊದಲ ಡಾಪ್ಲರ್ ಹವಾಮಾನ ರೇಡಾರು 2002ರಲ್ಲಿ ಸ್ಥಾಪನೆಯಾದದ್ದು ಚೆನ್ನೈಯಲ್ಲಿ; ಅಲ್ಲಿಂದ ಮಂಡ್ಯ ನೇರ ದೂರದಲ್ಲೇ ಸುಮಾರು 370 ಕಿ.ಮೀ. ಅಷ್ಟು ದೂರದಿಂದ ಬೆಳೆದ ಮೋಡದ ತಲೆ ಕಂಡೀತೇ ಹೊರತು ಹೊಟ್ಟೆ ಕಾಣದು. ರೇಡಾರು ಹತ್ತಿರವಿದ್ದಷ್ಟೂ ಎಚ್ಚರಿಕೆ ಬೇಗ.

ಹೀಗಾಗಿ ಮುನ್ಸೂಚನೆ ಎರಡು ಕಂತಿನಲ್ಲಿ ಬರುತ್ತದೆ. ಹಿಂದಿನ ದಿನವೋ ಬೆಳಿಗ್ಗೆಯೋ ಬರುವುದು ಜಿಲ್ಲೆಗೆ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಮಧ್ಯಾಹ್ನ ಬರುವುದು ಮುಂದಿನ ಮೂರು ಗಂಟೆಗಳಿಗೆ ಮಾತ್ರ ಅನ್ವಯಿಸುವ ತಕ್ಷಣದ ಸೂಚನೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರಗಾಲ ನಿರ್ವಹಣೆಗೆಂದು ಶುರುವಾದದ್ದು. ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಸುದ್ದಿ ಕಳಿಸುವ ಮಳೆಮಾಪಕಗಳನ್ನು ನೆಟ್ಟಿದೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ರೈತರು ಕರೆ ಮಾಡಿ ತಮ್ಮ ಕಡೆಯ ಸುದ್ದಿ ಕೇಳಬಹುದು. ಪುಣೆಯ ಸಂಸ್ಥೆ ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ತಂತ್ರಾಂಶ 20 ಮತ್ತು 40 ಕಿ.ಮೀ. ಸುತ್ತಳತೆಯಲ್ಲಿ ಸಿಡಿಲಿನ ಎಚ್ಚರಿಕೆ ಕೊಡುತ್ತದೆ.

ಸರಿ ಎಷ್ಟು, ತಪ್ಪು ಎಷ್ಟು?

ಇಷ್ಟಾಗಿಯೂ ತಪ್ಪುತ್ತದಲ್ಲ ಎಂಬ ಪ್ರಶ್ನೆಗೆ ಹಳೆಯದೊಂದು ಪ್ರಸಂಗದಲ್ಲಿ ಉತ್ತರವಿದೆ. 1884ರಲ್ಲಿ ಅಮೆರಿಕದ ಸೇನೆಯ ಹವಾಮಾನ ವಿಭಾಗದಲ್ಲಿದ್ದ ಜಾನ್ ಫಿನ್ಲಿ ಸುಂಟರಗಾಳಿಯ ಮುನ್ಸೂಚನೆಗೆ ತೊಡಗಿದ. 2,803 ಸಲ ‘ಬರುತ್ತದೆ’ ಅಥವಾ ‘ಬರುವುದಿಲ್ಲ’ ಎಂದು ಹೇಳಿ, ನೂರಕ್ಕೆ 96.6ರಷ್ಟು ಸರಿ ಎಂದು ಲೆಕ್ಕ ಕೊಟ್ಟ. ಆಗ ಭೂವಿಜ್ಞಾನಿ ಗಿಲ್ಬರ್ಟ್ ಮತ್ತಿತರರು ಆ ಲೆಕ್ಕದ ಹುಳುಕನ್ನು ಎತ್ತಿ ತೋರಿಸಿದರು. ನಿಜವಾಗಿ ಸುಂಟರಗಾಳಿ ಬಂದದ್ದು 51 ಸಲ ಮಾತ್ರ. ಕಣ್ಣು ಮುಚ್ಚಿಕೊಂಡು ದಿನವೂ ‘ಬರುವುದಿಲ್ಲ’ ಎಂದಿದ್ದರೆ ನೂರಕ್ಕೆ 98.2ರಷ್ಟು ಸರಿಯಾಗುತ್ತಿತ್ತು! ಆದರೆ ಹಾಗೆನ್ನುವವನಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ. ಫಿನ್ಲಿ ‘ಬರುತ್ತದೆ’ ಎಂದ 100 ಸಲದಲ್ಲಿ 28 ಸಲ ಬಂತು. ನೋಡುವುದಕ್ಕೆ ಕಳಪೆಯಾದ ಆ 28ರಲ್ಲೇ ಜೀವ ಉಳಿಸುವ ಗುಣವಿರುವುದು.

ಅಪರೂಪಕ್ಕೆ ಬರುವ ಆಪತ್ತಿನ ಮುನ್ಸೂಚನೆಯೆಲ್ಲ ಹೀಗೆಯೇ. ಕೆಲವು ಸಲ ಹುಸಿಯಾಗಲು ಒಪ್ಪದವನು ನಿಜವಾದ ದಿನವೂ ಸುಮ್ಮನಿರಬೇಕಾಗುತ್ತದೆ. ಹುಸಿ ಎಚ್ಚರಿಕೆಗೆ ತೆರುವ ಬೆಲೆ ಒಂದು ಸಂಜೆಯ ಆಟ. ಎಚ್ಚರಿಕೆಯೇ ಇಲ್ಲದ್ದಕ್ಕೆ ತೆರುವ ಬೆಲೆ ಬೇರೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದು ನೋಟ್‌ಬುಕ್ಕಿನಲ್ಲಿ ಮಾರ್ಚ್ ಮಧ್ಯದಿಂದ ಮೇ ಕೊನೆಯವರೆಗೆ ದಿನಕ್ಕೆರಡು ಸಾಲು ಸಾಕು. ಬೆಳಿಗ್ಗೆ: ಮುನ್ಸೂಚನೆ ಏನು, ಗಾಳಿ ಯಾವ ಕಡೆಯಿಂದ, ಸೆಕೆ ಹೇಗಿದೆ. ಸಂಜೆ: ಮೋಡ ಎಷ್ಟು ಗಂಟೆಗೆ ಎದ್ದಿತು, ಯಾವ ದಿಕ್ಕಿನಲ್ಲಿ, ಮಳೆ ಬಂತೇ, ಕಲ್ಲು ಬಿತ್ತೇ. ಕೊನೆಯಲ್ಲಿ ನಾಲ್ಕು ಮನೆಯ ಒಂದು ಚೌಕ ಬರೆಯುವುದು: ಹೇಳಿದರು-ಬಂತು, ಹೇಳಿದರು-ಬರಲಿಲ್ಲ, ಹೇಳಲಿಲ್ಲ-ಬಂತು, ಹೇಳಲಿಲ್ಲ-ಬರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಒಬ್ಬೊಬ್ಬ ಗೆಳೆಯನಿದ್ದು ಮೂವರ ಪುಸ್ತಕವನ್ನೂ ಪಕ್ಕ ಪಕ್ಕ ಇಟ್ಟರಂತೂ ‘ಒಂದೆರಡು ಕಡೆ’ ಎಂಬುದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ.

ಕೊನೆಯ ಅರ್ಧ ಗಂಟೆ

ಇಲಾಖೆಯ ಮಾತು ಜಿಲ್ಲೆಯವರೆಗೆ ಬರುತ್ತದೆ, ಕೆಲವೊಮ್ಮೆ ತಾಲ್ಲೂಕಿನವರೆಗೆ. ಅಲ್ಲಿಂದ ಹೊಲದವರೆಗಿನ ದಾರಿ ಮನೆಯವರದು. ಬೆಳಿಗ್ಗೆ ಹಳದಿ ಅಥವಾ ಕಿತ್ತಳೆ ಸೂಚನೆ ಇದ್ದರೆ ಕೆಲವು ಕೆಲಸ ಮೊದಲೇ ಮುಗಿಸಬಹುದು: ಹುಳುವಿಗೆ ಬೇಕಾದ ಸೊಪ್ಪನ್ನು ಬೆಳಗಿನ ತಂಪಿನಲ್ಲೇ ಕೊಯ್ದು ಒದ್ದೆ ಗೋಣಿಯಡಿ ಇಡುವುದು, ಗೊನೆ ಬಿಟ್ಟ ಬಾಳೆಗೆ ಕೋಲಿನ ಆಧಾರ ಕೊಡುವುದು, ಕಣದ ರಾಶಿಗೆ ಟಾರ್ಪಾಲು ಹತ್ತಿರ ಇಟ್ಟುಕೊಳ್ಳುವುದು. ದನ ಮೇಯಿಸುವವರು ಮೂರು ಗಂಟೆಗೆ ಮುಂಚೆ ಊರ ಹತ್ತಿರ ಬಂದಿರುವುದು.

ಮಧ್ಯಾಹ್ನದ ಮೇಲೆ ಕಣ್ಣು ಆಕಾಶದ ಕಡೆಗಿರಬೇಕು. ಹೂಕೋಸಿನಂತೆ ಅಂಚು ಚೂಪಾಗಿ ಉಬ್ಬುತ್ತಿರುವ ಮೋಡ ಬೆಳೆಯುತ್ತಿರುವ ಮೋಡ. ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿತೆಂದರೆ ಅದು ಪೂರ್ತಿ ಬೆಳೆದ ಗುಡುಗು ಮೋಡ. ಸೆಕೆಯ ನಡುವೆ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ದೂಳೆಬ್ಬಿಸಿಕೊಂಡು ನುಗ್ಗಿದರೆ ಮಳೆ ಪಕ್ಕದಲ್ಲೇ ಇದೆ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿ.ಮೀ. ದೂರದಲ್ಲಿದೆ ಎಂದು ತಿಳಿಯುತ್ತದೆ. ಶಬ್ದ ಒಂದು ಕಿ.ಮೀ. ಸಾಗಲು ಸುಮಾರು 3 ಸೆಕೆಂಡು ಬೇಕು. ಎಣಿಕೆ 30ಕ್ಕಿಂತ ಕಡಿಮೆಯಾಯಿತೆಂದರೆ ಬಯಲಿನಲ್ಲಿ ನಿಲ್ಲಬಾರದು. ಕೊನೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ಮತ್ತೆ ಹೊರಡಬಾರದು.

ಆಸರೆ ಎಂದರೆ ಗೋಡೆ, ಸೂರು ಇರುವ ಮನೆ, ಶಾಲೆ, ಇಲ್ಲವೇ ಕಿಟಕಿ ಮುಚ್ಚಿದ ಬಸ್ಸು, ಕಾರು. ತೆಂಗಿನ ಮರದ ಬುಡ, ಒಂಟಿ ಹುಣಸೆ ಮರ, ನೀರು ನಿಂತ ಗದ್ದೆ, ಕೆರೆಯ ಏರಿ, ತೆರೆದ ಟ್ರ್ಯಾಕ್ಟರು ಆಸರೆಯಲ್ಲ. ಮಳೆ ತಪ್ಪಿಸಿಕೊಳ್ಳಲು ಮರದಡಿ ನಿಂತು ಸಿಡಿಲಿಗೆ ಸಿಕ್ಕಿದವರ ಸುದ್ದಿಯನ್ನು ಪ್ರತಿ ಬೇಸಿಗೆಯೂ ಪತ್ರಿಕೆಗಳು ಹೊತ್ತು ತರುತ್ತವೆ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಅವರನ್ನು ಮುಟ್ಟಬಹುದು, ಮುಟ್ಟಲೇಬೇಕು. ಉಸಿರು ನಿಂತಿದ್ದರೆ ಎದೆ ಒತ್ತುತ್ತ 108ಕ್ಕೆ ಕರೆ ಮಾಡಿದರೆ ಎಷ್ಟೋ ಜನ ಬದುಕುತ್ತಾರೆ.

ಆಲಿಕಲ್ಲು ಬಿದ್ದು ಬೆಳೆ ಹಾಳಾದ ಮೇಲೂ ಒಂದು ಗಡಿಯಾರ ಓಡುತ್ತಿರುತ್ತದೆ. 2016ರಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ನೋಂದಾಯಿಸಿದ ಬೆಳೆಗೆ ಆಲಿಕಲ್ಲಿನ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಫೋಟೊ ತೆಗೆದು ಅರ್ಜಿ ಬರೆದುಕೊಡುವ ಕೆಲಸ ಅವರದಾಗಲಿ.

ಮುಂದಿನ ವರ್ಷಗಳಲ್ಲಿ ರೇಡಾರುಗಳು ಹೆಚ್ಚಾದಾವು, ಕಂಪ್ಯೂಟರಿನ ಚೌಕ ಇನ್ನೂ ಕಿರಿದಾದೀತು, ‘ಒಂದೆರಡು ಕಡೆ’ಯ ಜಾಗದಲ್ಲಿ ಊರಿನ ಹೆಸರೇ ಬಂದರೂ ಬಂದೀತು. ಆಗಲೂ ಸೂಚನೆ ಕೇಳಿ ಬಯಲಿನಿಂದ ಎದ್ದು ಬರುವ ಕಾಲು ಕೇಳಿದವರದೇ ಆಗಿರುತ್ತದೆ. ನಾಳೆ ಬೆಳಿಗ್ಗೆ ಮತ್ತೆ ಆ ವಾಕ್ಯ ಕಿವಿಗೆ ಬಿದ್ದಾಗ, ನಾಲ್ಕರಲ್ಲಿ ಆ ಒಂದು ಊರು ತಮ್ಮದೇ ಇರಬಹುದೆಂದು ಎಣಿಸಿ ನಡೆದುಕೊಂಡರೆ ಸಾಕು. ಮಳೆ ಬಾರದಿದ್ದರೆ ನಷ್ಟವೇನೂ ಇಲ್ಲ.